ದಿನಕ್ಕೊಂದು, ಖಾಲಿ ಹೊಟ್ಟೆಯಲ್ಲಿ

ಜನವರಿ ೧೩, ಸೋಮವಾರ

ಇವತ್ತು ಮೂರು ಔಷಧಿ ಅಂಗಡಿ ಸುತ್ತಿದೆ. ಇವರು ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಾಗಿನಿಂದ ನನಗೆ ಇದು ಎರಡನೆಯ ಉದ್ಯೋಗವಾಗಿದೆ. ಮೊದಲನೆಯದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಹೇಳುವುದು. ಅದಕ್ಕೆ ಸಂಬಳವಾದರೂ ಬರುತ್ತದೆ. ಇದಕ್ಕೆ ಬರುವುದು ತಲೆನೋವು ಮಾತ್ರ.

ಇವರಿಗೆ ಐದು ಬಗೆಯ ಗುಳಿಗೆ. ದೊಡ್ಡ ಕಂಪನಿಯದರ ಬದಲು ಅದೇ ಔಷಧಿ ಬೇರೆ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ಒಳಗಿರುವುದು ಅದೇ, ಧೈರ್ಯವಾಗಿ ತಗೊಳ್ಳಿ ಎಂದು ಡಾಕ್ಟರೇ ಹೇಳಿದರು. ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಅಂತೂ ಕೊಲೆಸ್ಟ್ರಾಲಿನದೂ ಬಿ.ಪಿ.ಯದೂ ಅರ್ಧ ಬೆಲೆಗೆ ಸಿಕ್ಕವು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಮಾತ್ರ ಜಪ್ಪಯ್ಯ ಎಂದರೂ ಕೆಳಗಿಳಿಯಲಿಲ್ಲ. ಅದನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ. ನಾನು ತಪ್ಪಿಸಲು ಬಿಡುವುದೂ ಇಲ್ಲ. ಬೆಳಿಗ್ಗೆ ಎದುರಿಗೆ ನಿಂತು ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಕೆಲಸಕ್ಕೆ ಹೊರಡುವುದು.

ಗೆದ್ದ ಹುಮ್ಮಸ್ಸಿನಲ್ಲಿ ನನ್ನ ಥೈರಾಯ್ಡ್ ಗುಳಿಗೆಯನ್ನೂ ಕೇಳಿದೆ. ಅಲ್ಲಿ ಕೆಟ್ಟಿತು. ಮೂಲೆಯ ಅಂಗಡಿಯವನಿಗೆ ನಾನು ಚೀಟಿ ಸಾಹೇಬ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

“ಅಮ್ಮಾ, ಈ ಚೀಟಿ ವರ್ಷ ದಾಟಿದೆ. ಕೊಡಕ್ಕಾಗಲ್ಲ.”

“ಎಷ್ಟೋ ವರ್ಷದಿಂದ ಅದನ್ನೇ ನುಂಗ್ತಿದೀನಿ ಕಣಪ್ಪ. ಚೀಟಿ ಹಳೇದಾದ್ರೆ ಕಾಯಿಲೆ ಹೊಸದಾಗುತ್ತಾ?”

“ರಕ್ತ ಪರೀಕ್ಷೆ ಮಾಡಿಸಿ ಹೊಸ ಚೀಟಿ ಬರೆಸ್ಕೊಂಡು ಬನ್ನಿ. ದುಡ್ಡಿನ ತಾಪತ್ರಯ ಇದ್ರೆ ದೊಡ್ಡಾಸ್ಪತ್ರೇಲಿ ಬೆಳಿಗ್ಗೆ ಹೊತ್ತು ಬಿಟ್ಟಿ ನೋಡ್ತಾರೆ. ಸಾಲಲ್ಲಿ ನಿಲ್ಬೇಕು, ಅಷ್ಟೇ.”

“ಈ ಉಪದೇಶಾನೂ ಬಿಟ್ಟೀನಾ, ಇಲ್ಲ ಬಿಲ್ಲಿಗೆ ಸೇರಿಸ್ತೀರಾ?” ಎಂದು ಕೇಳಿ ಬಂದುಬಿಟ್ಟೆ. ಬೆಳಿಗ್ಗೆಯ ಪಾಳಿ ಮಾಡುವವಳು ಬೆಳಿಗ್ಗೆಯೇ ಸಾಲಿನಲ್ಲಿ ಹೇಗೆ ನಿಲ್ಲಬೇಕು? ನನ್ನ ಗುಳಿಗೆಗೆ ದೊಡ್ಡ ಬೆಲೆ ಏನಿಲ್ಲ. ಚೀಟಿಗೇ ಬೆಲೆ. ತಜ್ಞರ ಫೀಸು, ರಕ್ತ ಪರೀಕ್ಷೆ ಎರಡೂ ಸೇರಿದರೆ ಇವರ ಒಂದು ತಿಂಗಳ ಔಷಧಿ ಬರುತ್ತದೆ. ಸೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿವೆ. ದಿನ ಬಿಟ್ಟು ದಿನ ನುಂಗಿದರೆ ಇವರು ಕೆಲಸಕ್ಕೆ ಮರಳುವ ಹೊತ್ತಿಗೆ ಹೇಗೋ ದಡ ಸೇರುತ್ತೇನೆ. ನನಗೇನು ಜ್ವರವೇ, ನೋವೇ? ಹೇಳಿಕೊಳ್ಳಲು ಒಂದು ಕಾಯಿಲೆ, ಅಷ್ಟೇ. ಇವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಜನವರಿ ೨೨, ಬುಧವಾರ

ನಿಲ್ದಾಣಕ್ಕೆ ಯಂತ್ರ ಬರುತ್ತಿದೆ. ನಿಲ್ದಾಣದ ಸಾಹೇಬರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಒಮ್ಮೆ ಧ್ವನಿ ಮುದ್ರಿಸಿಕೊಂಡರೆ ಮುಗಿಯಿತು, ಯಾವ ಬಸ್ಸು ಬಂದರೂ ಯಂತ್ರವೇ ತುಂಡು ತುಂಡು ಮಾತು ಜೋಡಿಸಿ ಹೇಳುತ್ತದಂತೆ. ಮೈಕಿನ ಕೋಣೆ ಮುಚ್ಚುತ್ತಾರೆ. ನನಗೂ, ಇನ್ನೊಬ್ಬ ಘೋಷಕಿಗೂ (ಎಲ್ಲರೂ ಗಿಳಿ ಎಂದು ಕರೆಯುವ ಹುಡುಗಿ, ಬಾಯಿ ಮುಚ್ಚುವುದೇ ಇಲ್ಲ) ವಿಚಾರಣೆ ಕೌಂಟರಿನಲ್ಲಿ ಕೆಲಸ ಕೊಡುತ್ತಾರೆ. ಸಂಬಳ ಅಷ್ಟೇ ಇರುತ್ತದೆ.

ಮದುವೆಗೆ ಮೊದಲೇ ಈ ಕುರ್ಚಿಯಲ್ಲಿ ಕೂತವಳು ನಾನು. ಇವರು ನನ್ನನ್ನು ನೋಡುವ ಮೊದಲು ನನ್ನ ದನಿ ಕೇಳಿದ್ದು. ನಿಲ್ದಾಣದ ಲಿಫ್ಟ್ ರಿಪೇರಿಗೆ ಬಂದು, ಒಳಗೆ ಸಿಕ್ಕಿಕೊಂಡು, ಹೊರಗೆ ಕೇಳುತ್ತಿದ್ದ ನನ್ನ ದನಿಗೆ ಮರುಳಾಗಿದ್ದಾಗಿ ಇಂದಿಗೂ ನೆಂಟರ ಮುಂದೆ ಹೇಳುತ್ತಾರೆ.

ಆಮೇಲೆ ಸಾಹೇಬರು ಎಂದರು: “ಧ್ವನಿ ನಿಮ್ದೇ ಮೇಡಂ. ಬೇರೆ ಯಾರನ್ನ ಕೇಳೋಣ? ಏಪ್ರಿಲ್‌ನಲ್ಲಿ ಮುದ್ರಣ. ಅದಕ್ಕೆ ಬೇರೆ ಗೌರವಧನ ಉಂಟು.”

ಹಾಗಾದರೆ ಯಂತ್ರವೇ ಬರಲಿ! ನಾನು ಕೌಂಟರಿನಲ್ಲಿದ್ದರೂ, ನಿವೃತ್ತಿಯಾಗಿ ಮನೆಯಲ್ಲಿದ್ದರೂ ಅಲ್ಲಿ ನನ್ನ ದನಿ ಇರುತ್ತದೆ. ಮನೆಗೆ ಬಂದು ಹೇಳಿದರೆ ಇವರು, “ಹಾಗಾದ್ರೆ ನೀನಿಲ್ದಿದ್ರೂ ನನ್ನನ್ನ ಗದರಿಸೋಕೆ ಒಂದು ಯಂತ್ರ ಆಯ್ತು ಅನ್ನು,” ಎಂದರು. ಲಿಫ್ಟ್ ಕಂಪನಿಯವರು ಸಂಬಳವಿಲ್ಲದ ರಜೆ ಕೊಟ್ಟು ಕೂರಿಸಿದ ಮೇಲೆ ಇವರಿಗೆ ಮಾತಾಡುವುದೇ ಕೆಲಸ. “ನಾನೀಗ ಎರಡು ಮಹಡಿ ಮಧ್ಯೆ ನಿಂತಿರೋ ಲಿಫ್ಟು ಕಣೇ,” ಎಂದು ನಕ್ಕರು. ನನಗೂ ನಗು ಬಂತು. ಗೌರವಧನ ಬಂದರೆ ಇವರ ಔಷಧಿಗೆ ಎರಡು ತಿಂಗಳು ಯೋಚನೆಯಿಲ್ಲ.

ಫೆಬ್ರವರಿ ೬, ಗುರುವಾರ

ರಕ್ತದ ಗುಳಿಗೆಯ ಬೆಲೆ ಮತ್ತೆ ಏರಿದೆ. ಯಾರನ್ನು ಕೇಳಿ ಏರಿಸುತ್ತಾರೋ! ಚೀಟಿ ಸಾಹೇಬನ ಮೇಲೆ ಹಾರಾಡಿದೆ. “ನಾನೇನ್ ಫ್ಯಾಕ್ಟರಿ ಇಟ್ಕೊಂಡಿದೀನಾಮ್ಮಾ?” ಎಂದ. ತಿಂಗಳಿಗಾಗುವಷ್ಟೇ ಕೊಳ್ಳುವ ಬದಲು ದೊಡ್ಡ ಪೆಟ್ಟಿಗೆ ಒಟ್ಟಿಗೆ ತೆಗೆದುಕೊಂಡರೆ ಸ್ವಲ್ಪ ಇಳಿಸುತ್ತಾನಂತೆ. ಇದ್ದಬದ್ದದ್ದೆಲ್ಲ ಬಾಚಿ ಕೊಟ್ಟು ತಂದೆ.

ನನ್ನ ಗುಳಿಗೆಯನ್ನು ಸೋಮವಾರಕ್ಕೂ ಗುರುವಾರಕ್ಕೂ ಮಾತ್ರ ಇಟ್ಟುಕೊಂಡಿದ್ದೇನೆ. ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದೇನೆ. ಇಷ್ಟು ವರ್ಷ ಈ ಡಾಕ್ಟರುಗಳು ಸುಮ್ಮನೆ ನುಂಗಿಸಿದರೋ ಏನೋ.

ಮೈಕಿನ ಕೋಣೆಯ ಫ್ಯಾನಿನ ವಿಚಾರಕ್ಕೆ ಗಿಳಿಯ ಜೊತೆ ಮಾತಿಗೆ ಮಾತು ಬೆಳೆಯಿತು. ಅವಳಿಗೆ ಸೆಕೆಯಂತೆ. ನನಗೆ ಆ ಗಾಳಿ ಮೂಳೆಗೆ ಕೊರೆಯುತ್ತದೆ.

ಫೆಬ್ರವರಿ ೨೫, ಮಂಗಳವಾರ

ಗಂಟಲು ಕಟ್ಟಿದೆ. ಕಾರಣ ಆ ಫ್ಯಾನೇ. ನಮ್ಮ ಕಸುಬಿನವರಿಗೆ ಗಂಟಲೇ ಬಂಡವಾಳ ಎಂದು ಎಷ್ಟು ಸಾರಿ ಹೇಳಿದರೂ ಆ ಹುಡುಗಿಗೆ ನಾಟುವುದಿಲ್ಲ. ಇವತ್ತಿನಿಂದ ತಣ್ಣೀರು ಬಂದ್. ಬಿಸಿನೀರಿನ ಫ್ಲಾಸ್ಕ್, ಜೇನುತುಪ್ಪ, ಚೀಪುವ ಗುಳಿಗೆ, ಕತ್ತಿಗೆ ಉಣ್ಣೆಯ ಮಫ್ಲರ್. ಪಾಳಿ ಮುಗಿದ ಮೇಲೆ ಬಾಯಿಗೆ ಬೀಗ. ಮಾತಾಡದೆ ಗಂಟಲಿಗೆ ವಿಶ್ರಾಂತಿ ಕೊಡಬೇಕೆಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು.

ಇವರಿಗೆ ನನ್ನ ಮೌನ ಕಂಡು ಗಾಬರಿ. “ಏನಾಯ್ತೇ? ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದು ಹಿಂದೆ ಹಿಂದೆ ಸುತ್ತಿದರು. ಗಂಟಲು ತೋರಿಸಿದೆ. “ಓ, ಅಷ್ಟೇನಾ! ಇನ್ನೊಂದು ವಾರ ಕಟ್ಟಿರ್ಲಿ ಬಿಡು,” ಎಂದರು. ನಗು ಬರಬೇಕಿತ್ತು. ಮೈ ಉರಿಯಿತು.

ಮಾರ್ಚ್ ೧೧, ಮಂಗಳವಾರ

ಎಲ್ಲರಿಗೂ ಇವತ್ತು ಬೈಯಲು ನಾನೇ ಸಿಕ್ಕಿದ್ದು. ನಾಲ್ಕನೇ ಪ್ಲಾಟ್‌ಫಾರ್ಮಿನ ಬಸ್ಸು ಒಂಬತ್ತನೆಯದರಲ್ಲಿದೆ ಎಂದು ಹೇಳಿದೆನಂತೆ. ಜನ ಗಂಟುಮೂಟೆ ಹೊತ್ತು ಆ ತುದಿಗೆ ಓಡಿದರಂತೆ. ಬಸ್ಸು ಈ ತುದಿಯಿಂದ ಹೋಯಿತಂತೆ. ನಾನು ಸರಿಯಾಗಿಯೇ ಹೇಳಿದ್ದೇನೆ, ಚಾಲಕನೇ ತಪ್ಪು ಜಾಗದಲ್ಲಿ ನಿಲ್ಲಿಸಿರಬೇಕು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಹೀಗಾಗಿದೆಯೇ?

ಗಿಳಿ ಬಂದು ಪಕ್ಕದಲ್ಲಿ ಕೂತಳು. “ಅಕ್ಕಾ, ನಿಮ್ಮ ಮುಖ ಊದಿದೆ. ನಿದ್ದೆ ಆಗ್ತಿಲ್ವಾ?”

ನಿದ್ದೆ ಬಿಟ್ಟು ಬೇರೇನು ಆಗುತ್ತಿದೆ! ಮನೆಗೆ ಬಂದರೆ ಸಮವಸ್ತ್ರದ ಕೋಟು ಸಹಿತ ಮಂಚಕ್ಕೆ ಬೀಳುತ್ತೇನೆ. ಅಡುಗೆ ಇವರದೇ. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಒಲೆ ಮುಂದೆ, ಗಟ್ಟಿಗಿತ್ತಿ ಹಾಸಿಗೆಯಲ್ಲಿ. ನೋಡಿದವರು ಏನೆಂದಾರು!

“ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ?” ಎಂದು ಇವರು ಕೇಳಿದರು.

“ಡಾಕ್ಟ್ರು ಬಿಟ್ಟಿ ನೋಡ್ತಾರಾ? ನಿಮಗೇನ್ರೀ, ಹೇಳೋದು ಸುಲಭ,” ಎಂದು ಹಾರಿಬಿದ್ದೆ. ಇವರು ಹೋಗಿ ಪಾತ್ರೆ ತೊಳೆದರು. ಪಾತ್ರೆಯ ಸದ್ದಿಗೂ ಸಿಟ್ಟು ಬಂತು.

ಬೂಟು ಬಿಗಿಯಾಗಿದೆ. ಚರ್ಮ ಕುಗ್ಗಿರಬೇಕು. ಈಗಿನ ಬೂಟುಗಳೇ ಹೀಗೆ.

ಮಾರ್ಚ್ ೨೪, ಸೋಮವಾರ

ಸೀಸೆ ಖಾಲಿ. ಒಂದು ಕೆಲಸ ಕಡಿಮೆಯಾಯಿತು.

ಗಂಟಲು ಹಾಗೇ ಇದೆ. ಕಾರಣ ಆ ಫ್ಯಾನು. ಇದನ್ನು ಮೊದಲೇ ಬರೆದಿದ್ದೇನೆಯೇ? ಹೊಸ ಬಗೆಯ ಚೀಪುವ ಗುಳಿಗೆ ತಂದೆ, ದುಬಾರಿಯದು. ಗಂಟಲಿಗೆ ಹೊಡೆದುಕೊಳ್ಳುವ ಒಂದು ಸ್ಪ್ರೇ ಕೂಡ. ಇದು ಖರ್ಚಲ್ಲ, ಕಸುಬಿನ ಮೇಲೆ ಹಾಕಿದ ಬಂಡವಾಳ. ಚೀಟಿ ಸಾಹೇಬ ಇವಕ್ಕೆ ಚೀಟಿ ಕೇಳಲಿಲ್ಲ.

ಏಪ್ರಿಲ್ ೨, ಬುಧವಾರ

ಚಳಿ.

ಊಟ ಬೇಡವೆನಿಸಿತು. ಆದರೂ ಕೋಟಿನ ಗುಂಡಿ ಹತ್ತುತ್ತಿಲ್ಲ.

ಏಪ್ರಿಲ್ ೭, ಸೋಮವಾರ

ನಾಳೆ ಮುದ್ರಣ. ಗಿಳಿ ಕೇಳಿದಳು: “ಅಕ್ಕಾ, ಒಂದು ತಿಂಗಳು ಮುಂದಕ್ಕೆ ಹಾಕಿ ಅಂತ ಸಾಹೇಬ್ರನ್ನ ನಾನೇ ಕೇಳ್ಲಾ? ನಿಮ್ಮ ದನಿ ನಿಮ್ದಾಗಿಲ್ಲ ಈಗ.”

ಗೊತ್ತಾಯಿತಮ್ಮ ನಿನ್ನ ಲೆಕ್ಕಾಚಾರ. ಮುಂದಕ್ಕೆ ಹಾಕಿಸಿ, ಇವಳಿಗೆ ವಯಸ್ಸಾಯಿತು ಎಂದು ಸುದ್ದಿ ಹಬ್ಬಿಸಿ, ಮುದ್ರಣಕ್ಕೆ ತಾನು ಕೂರುವ ಹುನ್ನಾರ. “ನಿನ್ನ ಕೆಲಸ ನೀನು ನೋಡ್ಕೋ,” ಎಂದೆ ಕಡ್ಡಿ ಮುರಿದ ಹಾಗೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ನಾಟಕ.

ಏಪ್ರಿಲ್ ೮, ಮಂಗಳವಾರ

ಆಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಓದಿಸಿದರು. ಸೊನ್ನೆಯಿಂದ ಹಿಡಿದು ಸಂಖ್ಯೆಗಳು. ಊರುಗಳ ಹೆಸರು. ‘ಹೊರಡಲಿದೆ’ ಬೇರೆ, ‘ತಡವಾಗಿ’ ಬೇರೆ. ಮಾತನ್ನು ಹೀಗೆ ಕೊಚ್ಚಿ ಹೇಳಿ ನನಗೆ ಅಭ್ಯಾಸವಿಲ್ಲ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮುದ್ರಣದವನು ಪದೇ ಪದೇ, “ಸ್ವಲ್ಪ ಬೇಗ ಮೇಡಂ,” ಎನ್ನುತ್ತಿದ್ದ. ನಾನು ಯಾವಾಗಿನ ಹಾಗೆಯೇ ಓದುತ್ತಿದ್ದೆ. ಮಧ್ಯಾಹ್ನದ ಮೇಲೆ ಅವನೂ ಸುಮ್ಮನಾದ. ಸಾಹೇಬರು ಒಂದೆರಡು ತುಂಡು ಕೇಳಿ, “ತೂಕವಾಗಿದೆ, ಸ್ಪಷ್ಟವಾಗಿದೆ, ನಡೀತದೆ,” ಎಂದರು. ಗಿಳಿ ಗಾಜಿನ ಆಚೆ ನಿಂತಿದ್ದಳು. ಹೊರಡುವಾಗ ನೋಡಿದರೆ ಇರಲಿಲ್ಲ.

ಗೌರವಧನ ಕೈಗೆ ಬಂತು. ನೇರ ಹೋಗಿ ಇವರ ಔಷಧಿ ತಂದೆ. ಖುಷಿಯಾಗಬೇಕಿತ್ತು. ಮೆಟ್ಟಿಲು ಹತ್ತುವಾಗ ಎರಡು ಸಾರಿ ಕೂತೆ.

ಏಪ್ರಿಲ್ ೧೯, ಶನಿವಾರ

ನಿನ್ನೆ ಗಂಟಲಿನ ಡಾಕ್ಟರ ಬಳಿ ಇವರೇ ಎಳೆದುಕೊಂಡು ಹೋದರು. ಬಟ್ಟಲು ಕೈಜಾರಿದ್ದಕ್ಕೆ ನಾನು ಅಡುಗೆಮನೆಯಲ್ಲಿ ಕೂತು ಅತ್ತೆನಂತೆ. ಅದಕ್ಕೆ.

ಡಾಕ್ಟರು ಕನ್ನಡಿ ಹಿಡಿದು ಗಂಟಲು ನೋಡಿದರು. ಧೂಳು, ಫ್ಯಾನು, ಗಿಳಿ, ಎಲ್ಲವನ್ನೂ ಹೇಳಿದೆ. ಅವರು ಗಂಟಲು ಬಿಟ್ಟು ನನ್ನ ಉದುರಿದ ಹುಬ್ಬು ನೋಡತೊಡಗಿದರು, ಅಂಗೈ ಮುಟ್ಟಿದರು.

“ದಿನಾ ಏನಾದ್ರೂ ಔಷಧಿ ತಗೊಳ್ತೀರಾ?”

“ಇಲ್ಲ.” ಸುಳ್ಳಲ್ಲವಲ್ಲ.

“ಥೈರಾಯ್ಡ್‌ಗೆ ತಗೊಳ್ತಾಳೆ ಡಾಕ್ಟ್ರೇ,” ಎಂದರು ಇವರು. “ದಿನಕ್ಕೊಂದು, ಖಾಲಿ ಹೊಟ್ಟೇಲಿ. ಮದುವೆಯಾದ ಮೇಲೆ ಶುರುವಾಗಿದ್ದು, ನಾನೇ ಕಾರಣ ಅಂತಾಳೆ.”

ಡಾಕ್ಟರು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ನಾನು ಮೇಜಿನ ಅಂಚು ನೋಡಿದೆ. ಕೊನೆಗೆ ಹೇಳಿದೆ, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು, ಆಮೇಲೆ ಸೀಸೆ ಮುಗಿಯಿತು.

“ನಿಮ್ಮ ಗಂಟಲಿಗೆ ಏನೂ ಆಗಿಲ್ಲ,” ಎಂದರು. ಚಳಿ, ಊತ, ನಿದ್ದೆ, ಮರೆವು, ಆ ಒಡಕು ದನಿ, ಎಲ್ಲ ಆ ಗುಳಿಗೆ ಬಿಟ್ಟಿದ್ದೊಂದರಿಂದಲೇ ಅಂತೆ. ಇನ್ನೂ ಹೀಗೇ ಬಿಟ್ಟಿದ್ದರೆ ಹೃದಯಕ್ಕೂ ಏಟು ಬೀಳುತ್ತಿತ್ತಂತೆ.

ಮನೆಯ ಬಾಗಿಲು ಹಾಕಿದ ಮೇಲೆ ಸ್ಫೋಟಿಸಿದರು. ಇಷ್ಟು ವರ್ಷದಲ್ಲಿ ಇವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. “ನಂದೊಂದು ಗುಳಿಗೆ ತಡವಾದ್ರೆ ಮನೆ ತಲೆ ಮೇಲೆ ಹೊತ್ಕೊಳ್ತೀಯ! ಬಾಯಿ ತೆಗ್ಸಿ ನೋಡ್ತೀಯ! ನಿಂದು ಯಾರು ನೋಡ್ಬೇಕಿತ್ತು? ನಂಗೆ ಹೇಳೋಕೇನಾಗಿತ್ತೇ ನಿಂಗೆ?”

“ಕೂಗ್ಬೇಡಿ, ಎದೆಗೆ ಒಳ್ಳೇದಲ್ಲ.”

“ಎದೆ ಹಾಳಾಗ್ಲಿ! ಇದನ್ನ ಉಳಿಸ್ಕೊಂಡು ನಾನು ಯಾರ್ ಜೊತೆ ಜಗಳ ಆಡ್ಲಿ?” ಎಂದು ಕುರ್ಚಿಯಲ್ಲಿ ಕುಸಿದು ಅತ್ತೇಬಿಟ್ಟರು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ನಾನು ಮಾಡಿದ್ದೆಲ್ಲ ಇವರಿಗಾಗಿ ತಾನೇ?

ಏಪ್ರಿಲ್ ೨೧, ಸೋಮವಾರ

ರಜೆ ಹಾಕಿ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತೆ. ಇವರೂ ಪಕ್ಕದಲ್ಲೇ, ಕಾವಲಿಗೆ. ಚೀಟಿ ಸಿಕ್ಕಿತು, ರಕ್ತವನ್ನೂ ಬಿಟ್ಟಿಯಾಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದೆವು. ಒಂದು ಅರ್ಧ ದಿನದ ಕೆಲಸ. ಬೇಕಾಗಿದ್ದದ್ದು ಅಷ್ಟೇ. ಚೀಪುವ ಗುಳಿಗೆಗೂ ಸ್ಪ್ರೇಗೂ ಸುರಿದ ದುಡ್ಡನ್ನು ನೆನೆದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಚೀಟಿ ಸಾಹೇಬ ಗುಳಿಗೆ ಕೊಡುವಾಗ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು.

ಮೇ ೫, ಸೋಮವಾರ

ಯಂತ್ರ ಶುರುವಾಯಿತು. ನನ್ನ ಕುರ್ಚಿ ಈಗ ವಿಚಾರಣೆ ಕೌಂಟರಿನಲ್ಲಿ, ನೆತ್ತಿಯ ಮೇಲೆಯೇ ಸ್ಪೀಕರ್. ಮೊದಲ ಘೋಷಣೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಯಾರದು ಈ ದನಿ? ಕೆಸರಿನಲ್ಲಿ ಕಾಲೆಳೆದು ನಡೆಯುವ ಹಾಗೆ ಒಂದೊಂದೇ ಮಾತು. ಗಡಸು, ಬಾಡಿದ ದನಿ. ಅವತ್ತು ನಾನು ಹೀಗೆ ಓದಿದ್ದೆನೇ? ಚೆನ್ನಾಗಿಯೇ ಓದಿದ್ದೇನೆ ಎಂದುಕೊಂಡಿದ್ದೆನಲ್ಲ!

ಗಿಳಿಯ ಮುಖ ನೋಡಿದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು. ಪಾಪದ ಹುಡುಗಿಯ ಮೇಲೆ ಏನೆಲ್ಲ ಹೊರಿಸಿದ್ದೆ! ನಾನೂ ಕೈ ಬಿಡಿಸಿಕೊಳ್ಳಲಿಲ್ಲ.

ಜೂನ್ ೧೨, ಗುರುವಾರ

ಚಳಿ ಹೋಗಿದೆ. ಕೌಂಟರಿನ ಫ್ಯಾನು ಸಾಲದು ಎಂದು ಇವತ್ತು ನಾನೇ ಕೂಗಾಡಿದೆ. ಗಿಳಿ ನಕ್ಕು ನಕ್ಕು ಸುಸ್ತಾದಳು. ಬೂಟು ಕುಗ್ಗಿರಲಿಲ್ಲ ಎಂದು ಕಾಣುತ್ತದೆ. ಬೆಳಿಗ್ಗೆ ನಾನು ಇವರ ಬಾಯಿ ತೆರೆಸಿ ನೋಡುತ್ತೇನೆ, ಇವರು ನನ್ನದನ್ನು. ಇಬ್ಬರು ಹಲ್ಲಿನ ಡಾಕ್ಟರುಗಳ ಹಾಗೆ. ನಮ್ಮಿಬ್ಬರನ್ನು ಆ ಹೊತ್ತಿನಲ್ಲಿ ಯಾರೂ ನೋಡದಿರಲಿ.

ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದೆ. “ಸರ್, ಇನ್ನೊಂದ್ಸಲ ಮುದ್ರಿಸ್ಕೊಳ್ಳಿ. ದುಡ್ಡೇನೂ ಬೇಡ ನಂಗೆ. ಒಂದು ದಿನ ಸಾಕು.”

“ನಿಮಗೆ ಬೇಡ ಮೇಡಂ, ಮುದ್ರಣದವರಿಗೆ ಬೇಕಲ್ಲ. ಮತ್ತೆ ಕರೆಸಿದ್ರೆ ಪೂರ್ತಿ ಚಾರ್ಜು. ಇರೋದ್ರಲ್ಲಿ ನಡೀತಿದೆ, ಸುಮ್ನೆ ಯಾಕೆ? ನಾವೂ ನಾಲ್ಕು ಕಾಸು ಉಳಿಸ್ಬೇಕಲ್ವಾ?”

ಮೊದಲಾಗಿದ್ದರೆ ಅವರ ನೀರಿಳಿಸಿ ಬರುತ್ತಿದ್ದೆ. ಸುಮ್ಮನೆ ಎದ್ದು ಬಂದೆ. ಬಾಗಿಲು ದಾಟುವಾಗ ಸ್ಪೀಕರಿನಲ್ಲಿ ಅವಳು ಮಾತಾಡುತ್ತಿದ್ದಳು. ನನ್ನ ದನಿಯನ್ನೇ ಅವಳು ಎಂದು ಬರೆಯುತ್ತಿದ್ದೇನೆ ನೋಡು.

ಜುಲೈ ೧೪, ಸೋಮವಾರ

ಇವರು ಕೆಲಸಕ್ಕೆ ಹೋದರು. ಮೊದಲ ದಿನ. ಡಬ್ಬಿಯಲ್ಲಿ ಊಟ, ಜೇಬಿನಲ್ಲಿ ಗುಳಿಗೆ. ಒಂದು ಲಿಫ್ಟಿನೊಳಗೆ ಸಿಕ್ಕಿಕೊಂಡರೆ ಸಾಕು, ಇನ್ನೊಬ್ಬಳು ಗಂಟುಬೀಳುತ್ತಾಳೆ ಎಂದು ಹೊರಡುವಾಗ ಹೇಳಿದರು. ನಾನು ಬೈದೆ. ಮೂರನೆಯ ಮಹಡಿಯವರೆಗೂ ಕೇಳಿಸಿರಬೇಕು, ಅಲ್ಲಿಯ ಹೆಂಗಸು ಬಾಗಿಲು ತೆರೆದು ಇಣುಕಿದಳು. ನನ್ನ ದನಿ ಪೂರ್ತಿ ಬಂದಿದೆ.

ಮಧ್ಯಾಹ್ನ ಕೌಂಟರಿಗೆ ಒಬ್ಬ ಅಜ್ಜಿ ಬಂದಳು, ಕಂಕುಳಲ್ಲಿ ಚೀಲ. ತನ್ನ ಬಸ್ಸು ಎಲ್ಲಿ ಎಂದು ಕೇಳಿದಳು, ಹೇಳಿದೆ. ಹೋಗದೆ ನಿಂತು ಸ್ಪೀಕರಿನ ಕಡೆ ಕತ್ತೆತ್ತಿ ಕೇಳುತ್ತಿದ್ದಳು.

“ನಿನ್ನ ದನಿ ಎಷ್ಟು ಚೆನ್ನಾಗಿದೆಯಮ್ಮಾ. ನಿನ್ನನ್ನೇ ಅಲ್ಲಿ ಕೂರಿಸ್ಬಾರ್ದಿತ್ತಾ?”

ನಾನು ವೇಳಾಪಟ್ಟಿಯ ಹಾಳೆ ಮಗುಚಿದೆ.

“ಅಲ್ಲಿ ಮಾತಾಡ್ತಾಳಲ್ಲ, ಆ ಹೆಣ್ಮಗಳಿಗೆ ಹುಷಾರಿಲ್ಲ ಕಣಮ್ಮ. ಕೇಳಿದ್ರೇ ಗೊತ್ತಾಗುತ್ತೆ. ಪಾಪ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ ಅವಳಿಗೆ?”

“ಇದ್ದಾರಜ್ಜಿ,” ಎಂದೆ. “ಅವಳೇ ಅವರಿಗೆ ಹೇಳ್ಲಿಲ್ಲ.”

“ಅಯ್ಯೋ, ಹುಚ್ಚಿ,” ಎಂದಳು ಅಜ್ಜಿ. ಆಮೇಲೆ ಚೀಲ ಸರಿಮಾಡಿಕೊಂಡು ಆರನೇ ಪ್ಲಾಟ್‌ಫಾರ್ಮಿನ ಕಡೆ ಹೊರಟಳು.